ತೋಡಿನ ನೀರು, ಕೊಟ್ಟಿಗೆ, ಕಕ್ಕಸು ಗುಂಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇದ್ದವು. ಕರಾವಳಿಯ ತೋಡು, ಹೊಳೆ, ಹಿನ್ನೀರಿಗೆ ಸೇರುವ ಕೊಳೆ, ಅದರಲ್ಲಿರುವ ಬ್ಯಾಕ್ಟೀರಿಯಾ, ಮತ್ತು ಇದಕ್ಕೆಲ್ಲ ಜಮೀನಿನ ಮಾಲೀಕರನ್ನೇ ಯಾಕೆ ಹಿಡಿದುಕೊಳ್ಳುತ್ತಾರೆ ಎನ್ನುವ ಸಿಟ್ಟು. ಸಿಟ್ಟಿನ ಪತ್ರದಿಂದಲೇ ಶುರುಮಾಡೋಣ.

ಪ್ರಶ್ನೆ: ನನ್ನ ಜಮೀನು ಸಮುದ್ರದಿಂದ ಎಷ್ಟೋ ಕಿಲೋಮೀಟರ್ ಒಳಗಿದೆ. ಪಕ್ಕದಲ್ಲಿ ಒಂದು ಸಣ್ಣ ತೋಡು, ಬೇಸಿಗೆಯಲ್ಲಿ ಅದರಲ್ಲಿ ನೀರೇ ಇರುವುದಿಲ್ಲ. ಹಿನ್ನೀರು ಕೆಟ್ಟಿದೆ, ನೀವೂ ಕಾರಣ ಅಂತ ಯಾರೋ ಮನೆಗೆ ಕರಪತ್ರ ಕೊಟ್ಟು ಹೋದರು. ಅಷ್ಟು ದೊಡ್ಡ ಸಮುದ್ರಕ್ಕೆ ನನ್ನ ಕೊಟ್ಟಿಗೆಯ ನೀರು ಯಾವ ಲೆಕ್ಕ ಸ್ವಾಮಿ?

ಉತ್ತರ: ಸಮುದ್ರಕ್ಕೆ ಲೆಕ್ಕವಿಲ್ಲ, ಒಪ್ಪಿದೆ. ಆದರೆ ನಿಮ್ಮ ತೋಡು ನಡುಸಮುದ್ರಕ್ಕೆ ಹೋಗಿ ಬೀಳುವುದಿಲ್ಲವಲ್ಲ. ಮೊದಲು ಹೊಳೆ, ಆಮೇಲೆ ಹಿನ್ನೀರು, ಆಮೇಲೆ ಅಳಿವೆ. ಇಳಿತದಲ್ಲಿ ಹೊರಗೆ ಹೋದ ನೀರಿನಲ್ಲಿ ಒಂದಷ್ಟು ಉಬ್ಬರದಲ್ಲಿ ವಾಪಸು ಬರುತ್ತದೆ. ಹಿನ್ನೀರು ಆಳವಿಲ್ಲದ್ದು, ನಿಧಾನದ್ದು, ಬಾಯಿ ಕಿರಿದಾಗಿದ್ದರೆ ಕೊಳೆ ಅಲ್ಲೇ ದಿನಗಟ್ಟಲೆ ಸುತ್ತುತ್ತದೆ. ಜನ ಈಜುವುದು, ಮಕ್ಕಳು ನೀರಾಟ ಆಡುವುದು, ಚಿಪ್ಪುಮೀನು ಆರಿಸುವುದು ಎಲ್ಲವೂ ಈ ಅಂಚಿನಲ್ಲೇ, ನಡುಸಮುದ್ರದಲ್ಲಿ ಅಲ್ಲ.

ಚಿಪ್ಪುಮೀನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಿಂಪಿಯಂಥ ಪ್ರಾಣಿಗಳು ನೀರನ್ನು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಒಂದು ಬಲಿತ ಸಿಂಪಿ, ಎಲ್ಲ ಅನುಕೂಲವಾಗಿದ್ದರೆ, ದಿನಕ್ಕೆ 190 ಲೀಟರ್‌ವರೆಗೂ ನೀರು ಸೋಸಬಲ್ಲದು. ನೀರಿನಲ್ಲಿ ಚೂರುಪಾರು ಇದ್ದ ಬ್ಯಾಕ್ಟೀರಿಯಾ, ವೈರಸ್ ಅದರ ಮೈಯಲ್ಲಿ ಗುಡ್ಡೆಯಾಗುತ್ತವೆ. ಅದಕ್ಕೇ ಅಮೆರಿಕದಲ್ಲಿ ಚಿಪ್ಪುಮೀನು ಹಿಡಿಯುವ ನೀರಿಗೆ ಇರುವ ಮಿತಿ ತೀರಾ ಬಿಗಿ, 100 ಮಿಲಿಲೀಟರ್ ನೀರಿನಲ್ಲಿ ಸರಾಸರಿ 14 ಮಲದ ಕೋಲಿಫಾರ್ಮ್ (ಮಲ ಸೇರಿದೆ ಎಂದು ತೋರಿಸುವ ಕರುಳಿನ) ಬ್ಯಾಕ್ಟೀರಿಯಾ, ಅಷ್ಟೇ. ಅಂದರೆ ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಈ ಪರೀಕ್ಷೆಯಲ್ಲಿ ಫೇಲಾಗಬಹುದು.

ಇನ್ನು ನಿಮ್ಮ ತೋಡು ಬೇಸಿಗೆಯಲ್ಲಿ ಒಣಗಿರುತ್ತದೆ ಎಂದಿರಿ. ತೊಂದರೆ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ದಂಡೆಯಲ್ಲಿ, ತೋಡಿನೊಳಗೆ, ಅಂಗಳದಲ್ಲಿ ಬಿದ್ದ ಸಗಣಿ, ಗಂಜಳ, ಕಸ ಎಲ್ಲ ಮೊದಲ ಜೋರು ಮಳೆಗೆ ಒಂದೇ ಏಟಿಗೆ ಕೆಳಗೆ ಹೋಗುತ್ತದೆ. ಇಡೀ ವರ್ಷದಲ್ಲಿ ಹಿನ್ನೀರಿಗೆ ಅತಿ ಕೆಟ್ಟ ಗಳಿಗೆ ಯಾವುದು ಅಂದರೆ ಅದು.

ಇನ್ನೊಂದು ಮಾತು. ಸಿಮೆಂಟು ಅಂಗಳ, ಡಾಂಬರು ದಾರಿ, ದೊಡ್ಡ ದೊಡ್ಡ ಚಾವಣಿ ಇವೂ ಪಾಲುದಾರರೇ. ಅವು ಬ್ಯಾಕ್ಟೀರಿಯಾ ಹುಟ್ಟಿಸುವುದಿಲ್ಲ, ಸಾಗಿಸುತ್ತವೆ. ಅಮೆರಿಕದ ಉತ್ತರ ಕೆರೊಲಿನಾದ ಕರಾವಳಿ ತೊರೆಗಳ ಬಗ್ಗೆ 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುತ್ತಲಿನ ನೆಲದಲ್ಲಿ ನೀರು ಇಂಗದ ಗಟ್ಟಿ ಮೇಲ್ಮೈ ಎಷ್ಟು ಜಾಸ್ತಿಯೋ ತೊರೆಯಲ್ಲಿ ಮಲದ ಬ್ಯಾಕ್ಟೀರಿಯಾ ಅಷ್ಟು ಜಾಸ್ತಿ ಎಂದು ಕಂಡುಬಂತು. ನೆಲದ ಶೇ. 10ರಷ್ಟು ಮುಚ್ಚಿಹೋದರೆ ಸಾಕು, ನೀರು ಹದಗೆಡುವುದು ಶುರುವಾಗುತ್ತಿತ್ತು. ಹಾಗಾಗಿ ದನ ಸಾಕದವರು ನಮಗೇನಿಲ್ಲ ಅಂತ ನಿಟ್ಟುಸಿರು ಬಿಡುವ ಹಾಗಿಲ್ಲ.

ನಿಮಗೆ ನನ್ನ ಸಲಹೆ ಒಂದೇ. ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ಹೋಗಿ. ಕೊಟ್ಟಿಗೆಯ ನೀರು ಎಲ್ಲಿಗೆ ಹೋಗುತ್ತಿದೆ, ತಿಪ್ಪೆಯ ಬುಡದಿಂದ ಏನು ಹರಿಯುತ್ತಿದೆ, ಚಾವಣಿಯ ನೀರು ಯಾವುದರ ಮೇಲೆ ಹಾದು ತೋಡಿಗೆ ಸೇರುತ್ತಿದೆ ನೋಡಿ. ಕರಪತ್ರ ಹೇಳದ್ದನ್ನು ಅರ್ಧ ಗಂಟೆಯ ಮಳೆ ಹೇಳಿಕೊಡುತ್ತದೆ.

ಪ್ರಶ್ನೆ: ನಮ್ಮ ಹೊಳೆಯ ನೀರಿನ ವರದಿಯಲ್ಲಿ ಎಂಟೆರೊಕಾಕೈ, ಇ. ಕೋಲಿ ಅಂತ ಏನೇನೋ ಸಂಖ್ಯೆ ಇದೆ. ಇ. ಕೋಲಿ ನಮ್ಮ ಹೊಟ್ಟೆಯಲ್ಲೇ ಇರುತ್ತದಂತೆ. ಹಾಗಾದರೆ ಹೆದರುವುದು ಯಾಕೆ?

ಉತ್ತರ: ಹೆದರುವುದು ಅದಕ್ಕಲ್ಲ, ಅದರ ಜೊತೆ ಬರುವವರಿಗೆ. ಹೆಚ್ಚಿನ ಇ. ಕೋಲಿ ನಿರುಪದ್ರವಿ. ಆದರೆ ಅದು ಮನುಷ್ಯರ, ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವಂಥದ್ದು. ನೀರಿನಲ್ಲಿ ಅದು ಜಾಸ್ತಿ ಸಿಕ್ಕಿತು ಅಂದರೆ ಮಲ ಸೇರಿದೆ ಎಂದು ಅರ್ಥ. ಮಲ ಸೇರಿದ್ದರೆ ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಭೇದಿ ತರುವ ಪರೋಪಜೀವಿಗಳಾದ ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಇವೆಲ್ಲ ಇರುವ ಸಾಧ್ಯತೆ ಇದೆ. ಒಂದೊಂದನ್ನೂ ಹುಡುಕುತ್ತಾ ಕೂರುವುದು ಕಷ್ಟ, ದುಬಾರಿ. ಅದಕ್ಕೆ ಸುಲಭಕ್ಕೆ ಸಿಗುವ ಸೂಚಕವನ್ನು ಎಣಿಸುತ್ತಾರೆ. ಸಿಹಿನೀರಿಗೆ ಇ. ಕೋಲಿ. ಉಪ್ಪುನೀರಿನಲ್ಲಿ ಅದು ಬೇಗ ಸಾಯುತ್ತದೆ, ಎಂಟೆರೊಕಾಕೈ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ ಹೆಚ್ಚು ತಾಳಿಕೊಳ್ಳುತ್ತದೆ, ಹಾಗಾಗಿ ಸಮುದ್ರದ ಕಡೆ ಎಂಟೆರೊಕಾಕೈ.

ಸಂಖ್ಯೆಗೆ ಬಂದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಹೇಳಿದ ಮಟ್ಟಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸ್ನಾನ, ಈಜಿಗೆ 100 ಮಿ.ಲೀ. ನೀರಿನಲ್ಲಿ ಎಂಟೆರೊಕಾಕೈ ಸರಾಸರಿ 35, ಸಿಹಿನೀರಾದರೆ ಇ. ಕೋಲಿ ಸರಾಸರಿ 126. ದೇಶದಿಂದ ದೇಶಕ್ಕೆ ಮಿತಿ ಬೇರೆ, ಎಣಿಸುವ ಬ್ಯಾಕ್ಟೀರಿಯಾವೂ ಬೇರೆ. ವರದಿ ಓದುವಾಗ ಅಲ್ಲಿ ಎಣಿಸಿದ್ದು ಯಾವುದನ್ನು ಅಂತ ಮೊದಲು ನೋಡಿ.

ಈ ಸರಾಸರಿಯೂ ನಮ್ಮ ನಿಮ್ಮ ಸರಾಸರಿ ಅಲ್ಲ, ಗುಣೋತ್ತರ ಸರಾಸರಿ. ಐದು ಮಾದರಿಯಲ್ಲಿ 10, 20, 30, 40, 4000 ಬಂತು ಅಂದುಕೊಳ್ಳಿ. ಕೂಡಿ ಐದರಿಂದ ಭಾಗಿಸಿದರೆ 820. ಗುಣಿಸಿ ಐದನೇ ಮೂಲ ತೆಗೆದರೆ ಸುಮಾರು 63. ಮಳೆಯ ಮಾರನೇ ದಿನ ಸಿಕ್ಕಿದ ಆ ಒಂದು 4000 ಇಡೀ ಲೆಕ್ಕವನ್ನು ನುಂಗಿಹಾಕಬಾರದು ಅಂತ ಹೀಗೆ ಮಾಡುತ್ತಾರೆ. ಆದರೆ ಆ 4000 ಸುಳ್ಳಲ್ಲ. ಆವತ್ತು ನೀರಿಗಿಳಿದವರಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಅದಕ್ಕೆ ಬಿಡಿ ಮಾದರಿಗಳಿಗೂ ಬೇರೆ ಮಿತಿ ಇರುತ್ತದೆ.

ಪ್ರಶ್ನೆ: ನಮ್ಮ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಹದಿನೈದು ವರ್ಷದ ಮೇಲಾಯಿತು. ಇವತ್ತಿನವರೆಗೂ ಒಮ್ಮೆಯೂ ತುಂಬಿಲ್ಲ, ಖಾಲಿ ಮಾಡಿಸಿಲ್ಲ. ಮೇಸ್ತ್ರಿ ಅಷ್ಟು ಚೆನ್ನಾಗಿ ಕಟ್ಟಿದ್ದ. ಹೊಳೆಗೂ ಅದಕ್ಕೂ ಮೂವತ್ತು ಹೆಜ್ಜೆ ದೂರ ಇದೆ. ನಮ್ಮಿಂದ ತೊಂದರೆ ಇಲ್ಲ ಅಲ್ವಾ?

ಉತ್ತರ: ಪತ್ರ ಓದಿ ನನಗೆ ಎದೆ ಧಸಕ್ಕೆಂದಿತು. ತುಂಬದೇ ಇರುವ ಸೆಪ್ಟಿಕ್ ಟ್ಯಾಂಕ್ ಅಂತ ಒಂದು ಇಲ್ಲ. ಸರಿಯಾದ ಟ್ಯಾಂಕ್ ಬಳಕೆ ಶುರುವಾದ ಕೆಲವೇ ದಿನಕ್ಕೆ ತುಂಬುತ್ತದೆ, ಆಮೇಲೆ ಸದಾ ತುಂಬಿಯೇ ಇರುತ್ತದೆ. ಒಳಗೆ ಎಷ್ಟು ನೀರು ಬಂತೋ ಅಷ್ಟು ನೀರು ಇನ್ನೊಂದು ಬಾಯಿಂದ ಇಂಗುಗುಂಡಿಗೋ ಇಂಗುವ ಕಾಲುವೆಗೋ ಹೋಗುತ್ತದೆ. ಟ್ಯಾಂಕಿನ ಕೆಲಸ ಇಷ್ಟೇ: ಭಾರದ್ದು ಗಸಿಯಾಗಿ ತಳಕ್ಕೆ ಕೂರುತ್ತದೆ, ಜಿಡ್ಡು ಕೆನೆಯಾಗಿ ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಆ ನಡುವಿನ ನೀರು ಶುದ್ಧ ಅಂತ ತುಂಬ ಜನ ನಂಬಿದ್ದಾರೆ. ಖಂಡಿತ ಅಲ್ಲ. ಅದರ ಒಂದೊಂದು ಹನಿಯಲ್ಲೂ ರೋಗಾಣು ತುಂಬಿರುತ್ತವೆ. ನಿಜವಾಗಿ ಶುದ್ಧ ಮಾಡುವುದು ಟ್ಯಾಂಕ್ ಅಲ್ಲ, ಅದರ ಕೆಳಗಿನ ಮತ್ತು ಸುತ್ತಲಿನ ಮಣ್ಣು. ಮಣ್ಣಿನ ಕಣಗಳ ನಡುವೆ ಗಾಳಿ ಇದ್ದರೆ, ನೀರು ನಿಧಾನವಾಗಿ ಇಳಿದರೆ, ಅಲ್ಲಿನ ಜೀವಿಗಳು ಈ ಬ್ಯಾಕ್ಟೀರಿಯಾಗಳನ್ನು ಹಿಡಿದು, ತಿಂದು ಮುಗಿಸುತ್ತವೆ.

ಈಗ ಲೆಕ್ಕ ನೋಡಿ. ಗಸಿಯನ್ನು ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ತೆಗೆಸಬೇಕು. ಮನೆಯಲ್ಲಿ ಎಷ್ಟು ಜನ, ಟ್ಯಾಂಕ್ ಎಷ್ಟು ದೊಡ್ಡದು ಎನ್ನುವುದರ ಮೇಲೆ ಇದು ಹಿಂದೆ ಮುಂದೆ ಆಗಬಹುದು. ಹದಿನೈದು ವರ್ಷ ತೆಗೆಸಿಲ್ಲ ಅಂದರೆ ಎರಡರಲ್ಲಿ ಒಂದು. ಒಂದೋ ಟ್ಯಾಂಕಿನ ತಳ, ಗೋಡೆ ಒಡೆದು ನೀರು ಸೀದಾ ನೆಲಕ್ಕೆ ಇಳಿಯುತ್ತಿದೆ. ಅಥವಾ ಗಸಿಯೇ ಮೇಲೆ ಬಂದು ಇಂಗುಗುಂಡಿಗೆ ಹೋಗಿ ಅಲ್ಲಿನ ಮಣ್ಣಿನ ಕಣ್ಣು ಮುಚ್ಚಿಸುತ್ತಿದೆ. ಕೆಲವು ಮೇಸ್ತ್ರಿಗಳು ತಳಕ್ಕೆ ಸಿಮೆಂಟೇ ಹಾಕದೆ ಬರೀ ಕಲ್ಲು ಕಟ್ಟಿ ಬಿಡುತ್ತಾರೆ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಮುಚ್ಚಳ ಹಾಕಿದ ಗುಂಡಿ.

ಮೂವತ್ತು ಹೆಜ್ಜೆ ದೂರದ ಮಾತು. ದೂರಕ್ಕಿಂತ ಮುಖ್ಯ ಆಳ. ಇಂಗುಗುಂಡಿಯ ತಳಕ್ಕೂ ಕೆಳಗಿನ ನೀರಿಗೂ ನಡುವೆ ಒಣ ಮಣ್ಣು 60 ಸೆಂಟಿಮೀಟರ್‌ನಿಂದ 120 ಸೆಂಟಿಮೀಟರ್ ಆದರೂ ಇರಬೇಕು. ಕರಾವಳಿಯಲ್ಲಿ ಕಷ್ಟ ಬರುವುದು ಇಲ್ಲೇ. ಬೇಸಿಗೆಯಲ್ಲಿ ಅಷ್ಟು ಒಣ ಮಣ್ಣು ಸಿಗುತ್ತದೆ, ಜೋರು ಮಳೆ ಹಿಡಿದರೆ ಅಂತರ್ಜಲ ಮೇಲೆ ಬಂದು ಇಂಗುಗುಂಡಿಯೇ ನೀರಿನಲ್ಲಿ ಮುಳುಗುತ್ತದೆ. ಆಗ ಸೋಸುವವರು ಯಾರೂ ಇಲ್ಲ. ಮರಳು ನೆಲವಾದರೆ ನೀರು ಬೇಗ ಇಂಗುತ್ತದೆ, ಆದರೆ ಅಷ್ಟೇ ಬೇಗ ಪಕ್ಕಕ್ಕೂ ಹರಿಯುತ್ತದೆ. ಬೇಗ ಇಂಗುತ್ತದೆ ಅಂತ ಖುಷಿಪಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ಉಬ್ಬರದ ಜೊತೆ ಏರಿಳಿಯುವ ನೆಲದಡಿಯ ನೀರು ಇದ್ದಲ್ಲಿ ದಿನಕ್ಕೆರಡು ಸಲ ಇದೇ ಕತೆ. ಸಮುದ್ರದ ಮಟ್ಟ ಏರುತ್ತಾ ಹೋದ ಹಾಗೆ ಈ ಒಣ ಮಣ್ಣು ಇನ್ನೂ ತೆಳುವಾಗುತ್ತದೆ. ಅಂಥ ಕಡೆ ಎತ್ತರಿಸಿದ ಮಣ್ಣಿನ ದಿಬ್ಬದೊಳಗೆ ನೀರು ಬಿಡುವ ವ್ಯವಸ್ಥೆ ಮಾಡಬೇಕಾಗುತ್ತದೆ, ಇಲ್ಲ ಊರಿಗೆಲ್ಲ ಸೇರಿ ಒಂದು ಶುದ್ಧೀಕರಣ ಘಟಕ.

ಗುಂಡಿ ಕೆಡುತ್ತಿದೆ ಅಂತ ತಿಳಿಯುವುದು ಹೇಗೆ? ಸಿಂಕು, ಕಕ್ಕಸಿನಲ್ಲಿ ನೀರು ನಿಧಾನಕ್ಕೆ ಇಳಿಯುವುದು. ಒಳಗಿಂದ ಗುಳುಗುಳು ಸದ್ದು. ಇಂಗುಗುಂಡಿಯ ಮೇಲೆ ಮಾತ್ರ ಹುಲ್ಲು ಹಸಿರೋ ಹಸಿರು. ಕಾಲಿಟ್ಟರೆ ಪಿಚಕ್ ಅನ್ನುವ ನೆಲ. ಮಳೆಗಾಲದಲ್ಲಿ ವಾಸನೆ. ತೋಡಿನ ದಂಡೆಯಿಂದ ಬೂದುಬಣ್ಣದ ನೀರು ಜಿನುಗುವುದು. ಅನುಮಾನ ಇದ್ದರೆ ಬಣ್ಣದ ಪರೀಕ್ಷೆ ಇದೆ. ಇದಕ್ಕೆಂದೇ ಸಿಗುವ ವಿಷವಲ್ಲದ ಬಣ್ಣವನ್ನು ಕಕ್ಕಸಿಗೆ ಹಾಕಿ ನೀರು ಬಿಡುವುದು, ಮುಂದಿನ ಕೆಲವು ದಿನ ತೋಡಿನಲ್ಲಿ ಆ ಬಣ್ಣ ಕಾಣುತ್ತದಾ ನೋಡುವುದು. ಗೊತ್ತಿದ್ದವರ ಕೈಲಿ, ಸಂಬಂಧಪಟ್ಟವರಿಗೆ ತಿಳಿಸಿಯೇ ಮಾಡಿಸಿ. ಹೇಳದೆ ಮಾಡಿದರೆ ಹಸಿರು ಹೊಳೆ ನೋಡಿ ಊರೇ ಗಾಬರಿಯಾಗುತ್ತದೆ.

ಒರೆಸುವ ಒದ್ದೆ ಟಿಶ್ಯೂ, ಡೈಪರ್, ಅಡುಗೆ ಎಣ್ಣೆ ಕಕ್ಕಸಿಗೆ ಹಾಕಬೇಡಿ, ಪೊಟ್ಟಣದ ಮೇಲೆ ಹಾಕಬಹುದು ಅಂತ ಬರೆದಿದ್ದರೂ. ಗುಂಡಿಯ ಮೇಲೆ ವಾಹನ ನಿಲ್ಲಿಸಬೇಡಿ. ಚಾವಣಿಯ ಮಳೆನೀರನ್ನು ಅದರ ಕಡೆ ತಿರುಗಿಸಬೇಡಿ. ಗಸಿ ಕರಗಿಸುತ್ತೇವೆ ಅಂತ ಮಾರುವ ಪುಡಿಗಳಿಗೆ ದುಡ್ಡು ಹಾಕಬೇಡಿ, ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾ ಆಗಲೇ ಒಳಗೆ ಬೇಕಾದಷ್ಟು ಇವೆ.

ಖಾಲಿ ಮಾಡಲು ಟ್ಯಾಂಕರ್ ಬಂದಾಗ ಎಲ್ಲಿಗೆ ತೆಗೆದುಕೊಂಡು ಹೋಗಿ ಸುರಿಯುತ್ತೀರಿ ಅಂತ ಕೇಳಿ. ಮೇಲಿನ ಸೇತುವೆಯ ಬಳಿ ಹೊಳೆಗೇ ಬಿಟ್ಟರೆ ನೀವು ದುಡ್ಡು ಕೊಟ್ಟು ಮಾಡಿಸಿದ ಕೆಲಸ ಏನು ಬಂತು? ಮತ್ತೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಮನುಷ್ಯರು ಗುಂಡಿಯೊಳಗೆ ಇಳಿಯಲೇಬಾರದು. ಒಳಗಿನ ವಿಷಾನಿಲ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ.

ಪ್ರಶ್ನೆ: ದನಗಳು ಹೊಳೆಗೆ ಇಳಿದು ನೀರು ಕುಡಿಯುವುದು ತಲೆತಲಾಂತರದಿಂದ ನಡೆದುಬಂದಿದೆ. ಈಗ ಬೇಲಿ ಹಾಕಿ ಅನ್ನುತ್ತಾರೆ. ಹೊಳೆಯುದ್ದಕ್ಕೂ ಬೇಲಿ ಹಾಕಲು ನನ್ನ ಬಳಿ ಎಲ್ಲಿದೆ ದುಡ್ಡು? ನೆರೆ ಬಂದರೆ ಅದೂ ಕೊಚ್ಚಿಹೋಗುತ್ತದೆ.

ಉತ್ತರ: ಬೇಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ದಂಡೆಯಿಂದ ದೂರ, ಸ್ವಲ್ಪ ಎತ್ತರದಲ್ಲಿ, ಸಾಧ್ಯವಾದರೆ ನೆರಳಿರುವ ಕಡೆ ಒಂದು ನೀರಿನ ತೊಟ್ಟಿ ಇಡಿ. ಅಮೆರಿಕದ ವರ್ಜೀನಿಯಾದಲ್ಲಿ ಬೇಲಿಯನ್ನೇ ಹಾಕದೆ ಬರೀ ತೊಟ್ಟಿ ಇಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ದನಗಳು ಶೇ. 92ರಷ್ಟು ಸಲ ತೊಟ್ಟಿಯ ನೀರನ್ನೇ ಆರಿಸಿಕೊಂಡವು, ತೊರೆಯಲ್ಲಿ ಮಲದ ಕೋಲಿಫಾರ್ಮ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ದನಕ್ಕೂ ಕೆಸರಿನಲ್ಲಿ ಕಾಲಿಟ್ಟು ಜಾರುತ್ತಾ ಕುಡಿಯುವ ಆಸೆ ಏನಿಲ್ಲ, ಸುಲಭವಾಗಿ ತಿಳಿನೀರು ಸಿಕ್ಕರೆ ಅದಕ್ಕೇ ಹೋಗುತ್ತದೆ. ನಿಮಗೂ ಲಾಭ ಇದೆ. ಗೊರಸು ಕೊಳೆಯುವುದು, ಕೊಳಕು ನೀರಿನಿಂದ ಬರುವ ಕಾಯಿಲೆ ಕಡಿಮೆ.

ಆಮೇಲೆ ಬೇಲಿ. ಇಡೀ ದಂಡೆಗೆ ಬೇಡ. ದನ ಇಳಿಯುವ ಜಾಗ ಎರಡೋ ಮೂರೋ ಇರುತ್ತವೆ, ಅಲ್ಲಿ ಮಾತ್ರ ಹಾಕಿ. ದಾಟಲೇಬೇಕಾದ ಕಡೆ ಕಲ್ಲು ಹಾಸಿ ಗಟ್ಟಿಮಾಡಿ, ಒಂದೇ ಜಾಗದಲ್ಲಿ ದಾಟಲಿ. ಕೊಚ್ಚಿಹೋದರೂ ಹೆಚ್ಚು ನಷ್ಟವಾಗದ ಹಗುರ ತಂತಿ ಸಾಕು.

ಬೇಲಿಗೂ ನೀರಿಗೂ ನಡುವೆ ಹುಲ್ಲು, ಪೊದೆ, ಮರ ಬೆಳೆಯಲು ಬಿಡಿ. ಮಳೆನೀರು ಅದರ ನಡುವೆ ಹಾಯುವಾಗ ವೇಗ ಕಳೆದುಕೊಂಡು ಇಂಗುತ್ತದೆ, ಮಣ್ಣು ಸಗಣಿ ಅಲ್ಲೇ ಉಳಿಯುತ್ತವೆ. ಸುಮಾರು 10 ಮೀಟರ್ ಅಗಲ ಇದ್ದರೆ ಒಳ್ಳೆಯದು, ಇಳಿಜಾರಾದರೆ ಇನ್ನೂ ಜಾಸ್ತಿ. ಅಷ್ಟು ಜಾಗ ಬಿಡಲು ಆಗದಿದ್ದರೆ ಆದಷ್ಟು ಬಿಡಿ. ಆದರೆ ಗಮನಿಸಿ, ನೀರು ಹರಡಿಕೊಂಡು ಹಾದರೆ ಮಾತ್ರ ಹುಲ್ಲು ಕೆಲಸ ಮಾಡುತ್ತದೆ. ಒಂದೇ ಕೊರಕಲಿನಲ್ಲಿ ಸುಯ್ಯೆಂದು ಹೋದರೆ ಪಟ್ಟಿ ಎಷ್ಟು ಅಗಲ ಇದ್ದರೂ ವ್ಯರ್ಥ. ಕೊರಕಲನ್ನು ಕಲ್ಲೋ ಬದುವೋ ಹಾಕಿ ಒಡೆಯಬೇಕು.

ತಿಪ್ಪೆಯದು ಇದಕ್ಕಿಂತ ದೊಡ್ಡ ವಿಷಯ. ಎಷ್ಟೋ ಕಡೆ ಸಾಗಿಸಲು ಸುಲಭ ಅಂತ ಗೊಬ್ಬರಗುಂಡಿಯನ್ನು ಇಳಿಜಾರಿನ ತುದಿಯಲ್ಲಿ, ಅಂದರೆ ನೀರಿನ ಪಕ್ಕದಲ್ಲೇ ಮಾಡಿರುತ್ತಾರೆ. ಮೇಲೆ ಸೂರಿಲ್ಲ, ಸುತ್ತ ಕಟ್ಟೆಯಿಲ್ಲ. ಮಳೆಗೆ ಗೊಬ್ಬರದ ಸಾರವೂ ಹೋಗುತ್ತದೆ, ರೋಗಾಣುವೂ ಹೋಗುತ್ತದೆ. ಎತ್ತರಕ್ಕೆ ಒಯ್ಯಿರಿ, ಮೇಲಿಂದ ಹರಿದು ಬರುವ ನೀರನ್ನು ಸಣ್ಣ ಬದು ಹಾಕಿ ಪಕ್ಕಕ್ಕೆ ತಿರುಗಿಸಿ, ಮೇಲೆ ಟಾರ್ಪಾಲಾದರೂ ಹೊದಿಸಿ. ಚೆನ್ನಾಗಿ ಕೊಳೆಸಿದರೆ ಇನ್ನೂ ಒಳ್ಳೆಯದು. ರಾಶಿಯ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್‌ ಮೇಲೆ 15 ದಿನ ಇದ್ದು, ಅಷ್ಟರಲ್ಲಿ ಐದು ಸಲ ಮಗುಚಿ ಹಾಕಿದರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ಸುಮ್ನೆ ಗುಡ್ಡೆ ಹಾಕಿ ವರ್ಷ ಬಿಟ್ಟರೆ ಹೊರಗಿನ ಪದರ ಬಿಸಿಯಾಗುವುದೇ ಇಲ್ಲ. ಹಸಿ ಸಗಣಿ ಗೊಬ್ಬರವನ್ನು ಮಳೆಯ ಮುನ್ಸೂಚನೆ ಇರುವಾಗ ಹರಡಬೇಡಿ. ಎರಡು ದಿನ ಕಾಯಿರಿ, ಗೊಬ್ಬರ ಗದ್ದೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ನಾಯಿಯ ಮಲ ಮಣ್ಣಿಗೆ ಗೊಬ್ಬರ ತಾನೇ? ಅದನ್ನೂ ಹೆಕ್ಕಬೇಕಂತೆ!

ಉತ್ತರ: ಹೆಕ್ಕಬೇಕು. ಒಂದು ಗ್ರಾಂ ನಾಯಿ ಮಲದಲ್ಲಿ ಸುಮಾರು 2 ಕೋಟಿ 30 ಲಕ್ಷ ಮಲದ ಕೋಲಿಫಾರ್ಮ್ ಇರುತ್ತವೆ ಎಂಬ ಲೆಕ್ಕವಿದೆ. ಜಂತುಹುಳದ ಮೊಟ್ಟೆ ಬೇರೆ. ತರಕಾರಿ ಗೊಬ್ಬರಕ್ಕೆ ಸೇರಿಸಬೇಡಿ. ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಆದರೆ ಆ ಚೀಲವನ್ನು ಚರಂಡಿಗೆ ಎಸೆಯಬೇಡಿ. ಎಸೆಯುವವರಿದ್ದಾರೆ, ಅದಕ್ಕೇ ಹೇಳಿದೆ.

ಪ್ರಶ್ನೆ: ನಮ್ಮ ಹಿನ್ನೀರಿನಲ್ಲಿ ಸಾವಿರಾರು ಹಕ್ಕಿಗಳು. ಅವು ಹಿಕ್ಕೆ ಹಾಕುವುದನ್ನು ಬಿಟ್ಟು ನಮ್ಮ ಮನೆ ಗುಂಡಿ ಹುಡುಕುತ್ತಾರೆ. ಇದು ನ್ಯಾಯವಾ?

ಉತ್ತರ: ಹಕ್ಕಿಗಳಿಂದಲೂ ಬ್ಯಾಕ್ಟೀರಿಯಾ ಬರುತ್ತದೆ, ಸುಳ್ಳಲ್ಲ. ಆದರೆ ಈಗ ಯಾರದ್ದು ಎಂದು ಕೇಳುವ ಪರೀಕ್ಷೆಗಳಿವೆ. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾದ ಡಿಎನ್ಎ ಗುರುತನ್ನು ನೀರಿನಲ್ಲಿ ಹುಡುಕುತ್ತಾರೆ. ಎಚ್ಎಫ್183 ಎಂಬ ಗುರುತು ಇದರಲ್ಲಿ ಹೆಸರುವಾಸಿ. ದನದ್ದಕ್ಕೆ, ನಾಯಿಯದ್ದಕ್ಕೆ, ಹಕ್ಕಿಯದ್ದಕ್ಕೆ ಬೇರೆ ಬೇರೆ ಗುರುತುಗಳಿವೆ. ಅಗ್ಗದ ದಾರಿಯೂ ಒಂದಿದೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೊಳೆಯಲು ಹಾಕುವ ರಾಸಾಯನಿಕ ತೋಡಿನಲ್ಲಿ ಸಿಕ್ಕರೆ ಮನೆಯ ಕೊಳಚೆ ಬಂದಿದೆ ಅಂತಲೇ ಅರ್ಥ, ಹಕ್ಕಿಗಳು ಬಟ್ಟೆ ಒಗೆಯುವುದಿಲ್ಲ. ಮನುಷ್ಯರ ಮಲವನ್ನು ಮೊದಲು ಹುಡುಕುವುದಕ್ಕೆ ಕಾರಣವಿದೆ. ಮನುಷ್ಯರಿಗೆ ತಗಲುವ ವೈರಸ್ ಮನುಷ್ಯರ ಮಲದಲ್ಲೇ ಜಾಸ್ತಿ. ಮೇಲಾಗಿ ಅದನ್ನು ಸರಿಮಾಡಬಹುದು, ಹಕ್ಕಿಗೆ ಟ್ಯಾಂಕ್ ಕಟ್ಟಿಸಲಾಗದು. ಹಕ್ಕಿಗಳಿಗೆ ದಂಡೆಯಲ್ಲಿ ತಿಂಡಿ ಹಾಕುವುದನ್ನು ನಿಲ್ಲಿಸಿ, ಅಷ್ಟು ಸಾಕು.

ಪ್ರಶ್ನೆ: ನಾವು ಕೆಲವರು ಸೇರಿ ಹೊಳೆ ಉಳಿಸುವ ಗುಂಪು ಮಾಡಿಕೊಂಡಿದ್ದೇವೆ. ಜಮೀನಿನ ಮಾಲೀಕರಿಗೆ ತಿಳಿವಳಿಕೆ ಕೊಡೋಣ ಅಂತ ಸಭೆ ಕರೆದರೆ ಬರುವವರೇ ಇಲ್ಲ. ಬಂದವರು ನಮ್ಮ ಮೇಲೇ ಹರಿಹಾಯುತ್ತಾರೆ. ಏನು ಮಾಡುವುದು?

ಉತ್ತರ: ಸಭೆ ಬಿಡಿ. ಸಭೆಯಲ್ಲಿ ಮೈಕು ಹಿಡಿದವರು ತಿಳಿದವರು, ಕೂತವರು ತಪ್ಪು ಮಾಡಿದವರು ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಯಾರು ತಾನೇ ಬರುತ್ತಾರೆ? ಮೇಲಿನ ಮೊದಲ ಪತ್ರ ಇನ್ನೊಮ್ಮೆ ಓದಿ. ಅವರ ಸಿಟ್ಟು ಬ್ಯಾಕ್ಟೀರಿಯಾದ ಮೇಲಲ್ಲ, ನೀವೂ ಕಾರಣ ಎಂಬ ಸಾಲಿನ ಮೇಲೆ.

ಕೆನಡಾದ ವಾಕರ್ಟನ್ ಪಟ್ಟಣದ ಕತೆ ನಿಮಗೆ ಉಪಯೋಗಕ್ಕೆ ಬರಬಹುದು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು, ಜಮೀನಿನ ಗೊಬ್ಬರದಿಂದ ಇ. ಕೋಲಿಯ ಅಪಾಯಕಾರಿ ತಳಿ ಕುಡಿಯುವ ನೀರಿನ ಬಾವಿಗೆ ಸೇರಿತು. 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಎಲ್ಲರೂ ರೈತನನ್ನು ಬೈಯುವ ಹೊತ್ತಿಗೆ ವಿಚಾರಣಾ ಆಯೋಗ ಹೇಳಿದ್ದೇನು ಗೊತ್ತಾ? ಗೊಬ್ಬರ ಹಾಕಿದವರು ಸರಿಯಾದ ಕ್ರಮವನ್ನೇ ಪಾಲಿಸಿದ್ದರು, ಅವರದ್ದು ತಪ್ಪಿಲ್ಲ. ಬಾವಿ ಇದ್ದ ಜಾಗ ಸರಿಯಿರಲಿಲ್ಲ, ಕ್ಲೋರಿನ್ ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹುಡುಕುವುದು ಬೇರೆ, ಯಾರು ಕೆಟ್ಟವರು ಅಂತ ಹುಡುಕುವುದು ಬೇರೆ. ನಿಮ್ಮ ಗುಂಪು ಮೊದಲನೆಯದನ್ನು ಮಾತ್ರ ಮಾಡಲಿ.

ಹೇಗೆ ಅಂದರೆ, ಒಬ್ಬೊಬ್ಬರ ಮನೆಗೇ ಹೋಗಿ. ಅವರ ಕಷ್ಟದಿಂದ ಮಾತು ಶುರುಮಾಡಿ. ಅವರ ಬಾವಿಯ ನೀರು ಹೇಗಿದೆ, ದಂಡೆ ಎಷ್ಟು ಕೊರೆದುಹೋಗುತ್ತಿದೆ, ದನಕ್ಕೆ ಕಾಯಿಲೆ ಇದೆಯಾ. ಬಾವಿ ನೀರನ್ನು ಪರೀಕ್ಷೆ ಮಾಡಿಸಿಕೊಡುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ. ಇಂಗುಗುಂಡಿ ಸೋರಿದರೆ ಹೊಳೆಗಿಂತ ಮೊದಲು ಕೆಡುವುದು ಅವರದೇ ಬಾವಿ. ಇದು ಗೊತ್ತಾದ ಮೇಲೆ ಉಳಿದದ್ದನ್ನು ನೀವು ಹೇಳುವುದೇ ಬೇಡ. ಮಳೆ ಬರುವಾಗ ಅವರ ಜೊತೆ ಜಮೀನು ಸುತ್ತಿ. ನೀವು ತೋರಿಸಬೇಡಿ, ಅವರೇ ತೋರಿಸಲಿ. ನೀರು ಹರಿಯುವ ದಾರಿ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಕೇಳಿಕೊಳ್ಳುವುದು ಒಂದೇ ಇರಲಿ. ಟ್ಯಾಂಕ್ ಖಾಲಿ ಮಾಡಿಸಿ, ಅಥವಾ ತಿಪ್ಪೆ ಮೇಲಕ್ಕೆ ಒಯ್ಯಿರಿ, ಅಥವಾ ತೊಟ್ಟಿ ಇಡಿ. ಹತ್ತು ಅಂಶಗಳ ಪಟ್ಟಿ ಕೊಟ್ಟರೆ ಅದು ಗೋಡೆಗೆ ಅಂಟುತ್ತದೆ, ಅಷ್ಟೇ. ಖರ್ಚಿನ ಮಾತು ಬಂದಾಗ ಕೈ ಎತ್ತಬೇಡಿ. ಹತ್ತು ಮನೆಯವರು ಸೇರಿ ಒಂದೇ ದಿನ ಟ್ಯಾಂಕರ್ ಕರೆಸಿದರೆ ಎಷ್ಟು ಕಡಿಮೆಯಾಗುತ್ತದೆ, ಸಹಾಯಧನ ಇದೆಯಾ, ಅರ್ಜಿ ಬರೆದುಕೊಡುವವರು ಯಾರು ಅಂತ ವಿಚಾರಿಸಿಕೊಂಡೇ ಹೋಗಿ.

ಮಾಡಿದವರ ಜಮೀನನ್ನೇ ಪಾಠಶಾಲೆ ಮಾಡಿ. ಪಕ್ಕದ ಜಮೀನಿನವರು, ತೊಟ್ಟಿ ಇಟ್ಟಮೇಲೆ ದನ ಹೊಳೆಗೆ ಹೋಗುತ್ತಿಲ್ಲ ಮಾರಾಯ, ಅಂದರೆ ನಿಮ್ಮ ನೂರು ಕರಪತ್ರಕ್ಕೆ ಸಮ. ಮತ್ತೆ ದಯವಿಟ್ಟು, ಯಾರ ಜಮೀನಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಅಂತ ಹೆಸರು ಹಾಕಿ ನಕ್ಷೆ ಹಂಚಬೇಡಿ. ಫಲಿತಾಂಶ ಮೊದಲು ಆ ಮನೆಯವರಿಗೇ ಹೇಳಿ, ಸರಿಮಾಡಲು ಸಮಯ ಕೊಡಿ. ಒಂದು ಸಲ ಮರ್ಯಾದೆ ಹೋಯಿತು ಅನ್ನಿಸಿದರೆ ಆ ದಂಡೆಯ ಯಾವ ಗೇಟೂ ನಿಮಗೆ ಮತ್ತೆ ತೆರೆಯುವುದಿಲ್ಲ.

ಪ್ರಶ್ನೆ: ಮೇಲಿನ ಜಮೀನಿನವರ ಕೊಳೆಯೆಲ್ಲ ನನ್ನ ಜಮೀನಿನ ಮೂಲಕ ಹೋಗುತ್ತದೆ. ನಾನೊಬ್ಬ ಸರಿಮಾಡಿದರೆ ಏನು ಪ್ರಯೋಜನ?

ಉತ್ತರ: ಅವರದ್ದು ಎಷ್ಟು, ನಿಮ್ಮದು ಎಷ್ಟು ಅಂತ ಮೊದಲು ತಿಳಿಯಿರಿ. ತೋಡು ನಿಮ್ಮ ಜಮೀನಿಗೆ ಬರುವಲ್ಲಿ ಒಂದು ಮಾದರಿ, ಬಿಟ್ಟು ಹೋಗುವಲ್ಲಿ ಒಂದು ಮಾದರಿ, ಒಂದೇ ದಿನ, ಒಂದೇ ಹೊತ್ತಿನಲ್ಲಿ. ಕೆಳಗಿನದ್ದನ್ನು ಮೊದಲು ತೆಗೆಯಿರಿ, ಇಲ್ಲವಾದರೆ ಮೇಲೆ ನೀವು ಕಲಕಿದ ಕೆಸರು ಕೆಳಗೆ ಬಂದು ಲೆಕ್ಕ ಕೆಡಿಸುತ್ತದೆ. ಬಾಟಲಿ ಪ್ರಯೋಗಾಲಯದವರೇ ಕೊಟ್ಟ ಕ್ರಿಮಿರಹಿತ ಬಾಟಲಿಯಾಗಿರಬೇಕು. ಹರಿವಿಗೆ ಎದುರು ಬಾಯಿ ಮಾಡಿ, ತಳ ಮುಟ್ಟದೆ, ಮುಚ್ಚಳದ ಒಳಗೆ ಬೆರಳು ತಾಗಿಸದೆ ತುಂಬಿಸಿ. ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಫಲಿತಾಂಶ ಬರಲು ಒಂದು ದಿನವಾದರೂ ಬೇಕು, ಬ್ಯಾಕ್ಟೀರಿಯಾ ಬೆಳೆದ ಮೇಲಲ್ಲವೇ ಎಣಿಸುವುದು. ಒಣ ದಿನ ಒಂದು ಜೊತೆ, ಮಳೆಯ ನಂತರ ಒಂದು ಜೊತೆ ತೆಗೆಸಿ. ಒಣ ದಿನವೂ ಜಾಸ್ತಿ ಬಂದರೆ ಎಲ್ಲೋ ಪೈಪೋ ಗುಂಡಿಯೋ ಸದಾ ಸೋರುತ್ತಿದೆ. ಮಳೆಗೆ ಮಾತ್ರ ಜಾಸ್ತಿ ಬಂದರೆ ನೆಲದ ಮೇಲಿನದ್ದು ತೊಳೆದು ಬರುತ್ತಿದೆ. ಎರಡೂ ಮಾದರಿ ಒಂದೇ ಸಮ ಇದ್ದರೆ ಆ ಕಾಗದ ಹಿಡಿದು ಮೇಲಿನವರ ಮನೆಗೆ ಹೋಗಿ, ಜಗಳಕ್ಕಲ್ಲ. ನಿಮ್ಮಲ್ಲೇ ಏರಿದ್ದರೆ, ಅವರ ಮನೆಗೆ ಹೋಗುವ ಕೆಲಸ ಉಳಿಯಿತು.

ಪ್ರಶ್ನೆ: ತೋಡಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಮೀನುಗಳೂ ಸಾಯುತ್ತವೆ. ಮಾರನೇ ದಿನ ಬ್ಯಾಕ್ಟೀರಿಯಾ ವಾಪಸು. ಬೇಡ.

ಪ್ರಶ್ನೆ: ಹೊಳೆ ದಂಡೆಯ ನಮ್ಮ ಮನೆಯನ್ನು ವಾರದ ಕೊನೆಗೆ ಪ್ರವಾಸಿಗರಿಗೆ ಬಾಡಿಗೆ ಕೊಡುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಟ್ಯಾಂಕ್ ನಾಲ್ಕು ಜನಕ್ಕೆ ಕಟ್ಟಿಸಿದ್ದು, ಬರುವವರು ಹದಿನೈದು ಜನ ಅಲ್ವಾ? ಎಲ್ಲರೂ ಒಂದೇ ಬೆಳಿಗ್ಗೆ ಸ್ನಾನ ಮಾಡಿದರೆ ನೀರು ಟ್ಯಾಂಕಿನಲ್ಲಿ ನಿಲ್ಲುವುದೇ ಇಲ್ಲ, ಗಸಿ ಕೂರಲು ಪುರುಸೊತ್ತಿಲ್ಲದೆ ಹೊರಗೆ ಹೋಗುತ್ತದೆ. ಜನರ ಲೆಕ್ಕಕ್ಕೆ ತಕ್ಕ ಟ್ಯಾಂಕ್ ಕಟ್ಟಿಸಿ, ಅಥವಾ ಟ್ಯಾಂಕಿಗೆ ತಕ್ಕಷ್ಟು ಜನರನ್ನು ಬಿಡಿ. ಗಸಿಯನ್ನು ವರ್ಷಕ್ಕೊಮ್ಮೆ ಅಳೆದು ನೋಡಿಸಿ.

ಪ್ರಶ್ನೆ: ತೊಟ್ಟಿ ಇಟ್ಟೆ, ದಂಡೆಗೆ ಗಿಡ ಬಿಟ್ಟೆ, ಟ್ಯಾಂಕ್ ರಿಪೇರಿ ಮಾಡಿಸಿದೆ. ತಿಂಗಳಾದರೂ ವರದಿಯಲ್ಲಿ ಸಂಖ್ಯೆ ಇಳಿದಿಲ್ಲ. ಎಲ್ಲ ದಂಡವಾಯಿತೇ?

ಉತ್ತರ: ಇಲ್ಲ. ತಿಳಿನೀರಿನಲ್ಲಿ, ಬಿಸಿಲಿಗೆ ಈ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ಬಹಳಷ್ಟು ಸಾಯುತ್ತವೆ. ಆದರೆ ತಳದ ಕೆಸರು, ಮರಳಿನಲ್ಲಿ ಬಿಸಿಲು ತಾಗದೆ ವಾರಗಟ್ಟಲೆ ಬದುಕುತ್ತವೆ. ಮಳೆ ಬಂದು ಕೆಸರು ಕದಡಿದಾಗಲೆಲ್ಲ ಹಳೆಯ ಸಾಲ ಮತ್ತೆ ಮೇಲೆ ಬರುತ್ತದೆ. ಗಿಡಗಳು ಬೇರು ಬಿಟ್ಟು ಕೆಲಸ ಶುರುಮಾಡಲು ಒಂದೆರಡು ಮಳೆಗಾಲ ಬೇಕು. ಒಂದು ತಿಂಗಳ ವರದಿ ನೋಡಿ ಕೈಬಿಡಬೇಡಿ. ಒಣ ದಿನದ ಮಾದರಿಗಳನ್ನು ಒಣ ದಿನದ ಜೊತೆ, ಮಳೆಯ ಮಾದರಿಗಳನ್ನು ಮಳೆಯ ಜೊತೆ ಇಟ್ಟು ಹೋಲಿಸಿ. ಮೊದಲು ಇಳಿಯುವುದು ಸಾಮಾನ್ಯವಾಗಿ ಒಣ ದಿನದ ಸಂಖ್ಯೆ. ಒಂದು ವರ್ಷ ಕಳೆದರೂ ಅದು ಇಳಿಯದಿದ್ದರೆ ರಿಪೇರಿಯಾದ ಟ್ಯಾಂಕಿನ ಮುಚ್ಚಳ ತೆಗೆಸಿ, ನೀರು ಹೊರಹೋಗುವ ಪೈಪಿನ ಮಟ್ಟಕ್ಕಿಂತ ಕೆಳಗೆ ಇಳಿದಿದೆಯೇ ನೋಡಿಸಿ. ಇಳಿದಿದ್ದರೆ ಟ್ಯಾಂಕ್ ಇನ್ನೂ ಸೋರುತ್ತಿದೆ, ಮೇಸ್ತ್ರಿಯನ್ನು ವಾಪಸು ಕರೆಯಿರಿ.